ಐಸಿಗೆ ಹಾಕಿದ ಎಳೆಗಳು

ಕಾಸರಗೋಡು
೧೧ ಮಾರ್ಚ್ ೨೦೨೫

ನನ್ನ ಜೋರಿನ ಅಮ್ಮನಿಗೆ, ಮಗಳು ನಮಿತಾಳ ನಮಸ್ಕಾರ.

ಗೆದ್ದೆ ಅಮ್ಮ! ಫೋನಿನಲ್ಲಿ ಹೇಳಿದರೆ ಅರ್ಧದಲ್ಲೇ ಊಟ ಆಯಿತಾ ಎಂದು ಕೇಳುತ್ತೀ, ಅದಕ್ಕೇ ಕಾಗದ. ಊಟ ಆಗಿದೆ. ಇನ್ನು ಪೂರ್ತಿ ಓದು.

ನಮ್ಮ ಶಿರಿಯದ ಹೊಂಡದಲ್ಲಿ ಸಿಗಡಿಗಳಿಗೆ ಬಿಳಿ ಚುಕ್ಕೆ ರೋಗ ಬಂದು, ವಾರದೊಳಗೆ ಎಲ್ಲ ಸತ್ತದ್ದನ್ನು ನೀನು ಮರೆತಿರಲಿಕ್ಕಿಲ್ಲ. ಅದನ್ನು ತಡೆಯುವ ದಾರಿ ಹುಡುಕುತ್ತೇನೆಂದು ಎರಡು ವರ್ಷದಿಂದ ಲ್ಯಾಬಿನಲ್ಲಿ ಕೂತಿದ್ದೇನಲ್ಲ, ದಾರಿ ಸಿಕ್ಕಿತು.

ಮದ್ದಿನ ಹೆಸರು ಆರ್‌ಎನ್‌ಎ. ಎಲ್ಲ ಜೀವಗಳೊಳಗೂ ಇರುವ, ಕಣ್ಣಿಗೆ ಕಾಣದ ಎಳೆ. ಅದರಲ್ಲಿ ಎಂತ ಬರೆದಿದೆ ಎನ್ನುವುದಷ್ಟೇ ಅಲ್ಲ, ಅದು ಯಾವ ಆಕಾರದಲ್ಲಿದೆ ಎನ್ನುವುದೂ ಮುಖ್ಯ. ಒಂಟಿ ಎಳೆಯನ್ನು ಸಿಗಡಿಯ ಮೈ ಕ್ಯಾರೇ ಅನ್ನುವುದಿಲ್ಲ. ಎರಡೆಳೆ ಹೆಣೆದುಕೊಂಡು ಬಂದರೆ ಮಾತ್ರ ಇದು ಹೊರಗಿನ ಕಳ್ಳ ಎಂದು ಕತ್ತರಿಸುತ್ತದೆ. ಆ ತುಂಡುಗಳನ್ನೇ ಗುರುತಿಗಿಟ್ಟುಕೊಂಡು, ರೋಗ ತರುವ ವೈರಸ್ಸಿನ ಅದೇ ಬರಹದ ಎಳೆ ಸಿಕ್ಕಿದಲ್ಲೆಲ್ಲ ತುಂಡು ಮಾಡುತ್ತದೆ. ಆ ಬರಹವನ್ನು ನಕಲು ಮಾಡಿ, ಎರಡೆಳೆಯಾಗಿ ಹೆಣೆದು, ರೋಗ ಬರುವ ಮೊದಲೇ ಚುಚ್ಚುವುದು ನನ್ನ ಕೆಲಸ.

ಹೆಣೆಯಬೇಕಾದರೆ ಎರಡು ಎಳೆಗಳನ್ನೂ ಒಂದೇ ಟ್ಯೂಬಿನಲ್ಲಿ ಬಿಸಿ ಮಾಡಿ ತಣಿಯಲು ಬಿಡಬೇಕು. ನಾನು ಮೀನು ಮಾರುವವಳ ಮಗಳಲ್ಲವಾ, ಹಾಳಾಗುವ ವಸ್ತುವನ್ನು ಮೊದಲು ಐಸಿಗೆ ಹಾಕು ಎಂದು ನಿನ್ನಿಂದ ಕೇಳಿಯೇ ಬೆಳೆದವಳು. ಬಿಸಿ ಟ್ಯೂಬನ್ನು ಸೀದಾ ಐಸಿಗೆ ಒತ್ತುತ್ತಿದ್ದೆ. ಎಳೆಗಳು ಜೊತೆ ಸೇರುವ ಮೊದಲೇ ತಮ್ಮಷ್ಟಕ್ಕೆ ಸುರುಟಿಕೊಂಡವು. ಅದನ್ನು ಚುಚ್ಚಿ, ಆಮೇಲೆ ವೈರಸ್ ತಾಗಿಸಿ ನೋಡಿದರೆ ಮೂರು ಸಲವೂ ಸಿಗಡಿಗಳೆಲ್ಲ ಸತ್ತವು. ನೀನು ಕೇಳಿದಾಗಲೆಲ್ಲ ಲಾಯ್ಕಲ್ಲಿ ನಡೆಯುತ್ತಾ ಉಂಟು ಎಂದದ್ದು ಸುಳ್ಳು. ಇನ್ನೊಂದು ಸಲ ಸತ್ತರೆ ಈ ವಿಷಯವನ್ನೇ ಬಿಡಬೇಕಾಗುತ್ತದೆ ಎಂದು ನಮ್ಮ ಗೈಡ್ ವಸುಮತಿ ಮೇಡಂ ಹೇಳಿಯಾಗಿತ್ತು.

ನಾಲ್ಕನೆಯ ಸಲ ಬೇರೊಂದು ಕೆಲಸದಲ್ಲಿ ಮುಳುಗಿ ಟ್ಯೂಬನ್ನು ಮೇಜಿನ ಮೇಲೇ ಮರೆತೆ. ಒಂದು ಗಂಟೆ ಅದು ತನ್ನಷ್ಟಕ್ಕೆ ತಣಿಯಿತು. ಹೇಗೂ ಹಾಳಾಯಿತು, ಆದದ್ದಾಗಲಿ ಎಂದು ಅದನ್ನೇ ಚುಚ್ಚಿದೆ. ಸಿಗಡಿಗಳು ಸಾಯಲಿಲ್ಲ! ಎಂತ ಬದಲು ಮಾಡಿದೆ ಎಂದು ಮೇಡಂ ಕೇಳಿದಾಗ ಎಲ್ಲ ಒಪ್ಪಿಕೊಂಡೆ. ಅವರು ಕನ್ನಡಕ ತೆಗೆದು ನಕ್ಕದ್ದೇ ನಕ್ಕದ್ದು.

“ಇಷ್ಟು ದಿನ ಐಸಿಗೆ ಹಾಕ್ತಾ ಇದ್ದದ್ದಾ? ಅದೆಂತ ಬೂತಾಯಿ ಮೀನಾ ಮಾರಾಯ್ತಿ?”

ಮತ್ತೆ ಎರಡು ಬಗೆಯನ್ನೂ ಪಕ್ಕಪಕ್ಕದ ತೊಟ್ಟಿಗಳಲ್ಲಿ ಮಾಡಿ ತೋರಿಸು ಎಂದರು. ಇವತ್ತಿಗೆ ಹನ್ನೆರಡು ದಿನ. ಐಸಿನ ತೊಟ್ಟಿಯಲ್ಲಿ ಒಂದೂ ಉಳಿದಿಲ್ಲ. ಇನ್ನೊಂದರಲ್ಲಿ ನಲವತ್ತರಲ್ಲಿ ಮೂವತ್ತಾರು ಮೀಸೆ ಕುಣಿಸುತ್ತಾ ತಿನ್ನುತ್ತಿವೆ. ಲ್ಯಾಬಿನ ತೊಟ್ಟಿ ಬೇರೆ, ಶಿರಿಯದ ಹೊಂಡ ಬೇರೆ, ಅದು ನನಗೂ ಗೊತ್ತು. ಆದರೂ ಅಮ್ಮ, ಈ ಖುಷಿಯನ್ನು ಎಲ್ಲಿಡಲಿ!

ನಿನ್ನದೇ ಹಟ ಹೊತ್ತು ಹುಟ್ಟಿದ ಮಗಳು,
ನಮಿತಾ

ತಾ.ಕ.: ಬೇರೊಂದು ಕೆಲಸ ಎಂದೆನಲ್ಲ, ಅದು ಸಂಶೋಧನೆ ಬಿಟ್ಟು ಮನೆಗೆ ಬರುತ್ತೇನೆ ಎಂಬ ಅರ್ಜಿ. ಕಾರಣ ಹೊಳೆಯದೆ ಒಂದು ಗಂಟೆ ಹಿಡಿಯಿತು. ಕೊನೆಗೆ ‘ತಾಯಿಗೆ ಸೌಖ್ಯವಿಲ್ಲ’ ಎಂದು ಬರೆದೆ. ಕೊಡದೆ ಉಳಿದ ಆ ಅರ್ಜಿ ಇದರ ಜೊತೆಗುಂಟು, ಒಲೆಗೆ ಹಾಕು. ಭಾನುವಾರ ಬರುತ್ತೇನೆ, ಎದುರಲ್ಲೇ ಬೈ.