ಮನೆ ಮುಂದಿನ ವರ

ಟೈಲರ್ ಅಂಗಡಿಯಿಂದ,
ಮಾರ್ಚ್ ೪, ಮಂಗಳವಾರ

ಪ್ರೀತಿಯ ಅಣ್ಣಾ,

ಬೆನ್ನು ನೋವು ಇಳಿಯಿತಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಇಲ್ಲಿ ನಾನೂ ಚೂಟಿಯೂ ಚೆನ್ನಾಗಿದ್ದೇವೆ. ನಿನಗೆ ಪತ್ರ ಓದಿ ಹೇಳುವ ರೂಮಿನ ಗೆಳೆಯರಿಗೂ ನಮಸ್ಕಾರ. ಫೋನಿನಲ್ಲಾದರೆ ನೀನು ಜೋರು ಮಾಡುತ್ತೀಯ, ನಾನು ಪೂರ್ತಿ ಹೇಳದೆಯೇ ಇಟ್ಟುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮಗಳು ಚೂಟಿಯ ಟೀಚರ್ ನನ್ನನ್ನು ಕರೆಸಿದ್ದರು. ‘ನಮ್ಮ ಮನೆ ಮುಂದೆ ಮರ ಇದೆ’ ಅನ್ನುವುದನ್ನು ಇವಳು ‘ವರ ಇದೆ’ ಅಂತ ಓದಿದಳಂತೆ. ‘ನಿಮ್ಮತ್ತೆಗಾ?’ ಅಂತ ಮಕ್ಕಳೆಲ್ಲ ನಕ್ಕರಂತೆ. ಅಂಗಡಿಯಲ್ಲಿ ಹೇಳಿದರೆ ಕಟಿಂಗ್ ಮಾಸ್ಟರ್, ‘ಹೋಗಿ ಬಾಗಿಲು ತೆಗಿಯಮ್ಮ, ಪಾಪ ಎಷ್ಟು ಹೊತ್ತಿಂದ ನಿಂತಿದ್ದಾನೋ’ ಅಂದರು. ನಾನೂ ನಕ್ಕೆ. ಟೀಚರ್ ಮಾತ್ರ ನಕ್ಕಿರಲಿಲ್ಲ. ಇದಕ್ಕೆ ಡಿಸ್ಲೆಕ್ಸಿಯಾ ಅನ್ನುತ್ತಾರೆ, ಮಗು ದಡ್ಡಿಯಲ್ಲ, ಸೋಮಾರಿಯೂ ಅಲ್ಲ, ಅಕ್ಷರಕ್ಕೂ ಅದರ ಸದ್ದಿಗೂ ಗಂಟು ಬೀಳುವುದು ತಡ ಅಂದರು. ಕಾಯಿಲೆಯಲ್ಲವಂತೆ, ಆದರೂ ತಿಳಿದವರಿಂದ ಪರೀಕ್ಷೆ ಮಾಡಿಸಬೇಕಂತೆ. ಔಷಧಿ ಇಲ್ಲವಂತೆ, ವಾರಕ್ಕೆರಡು ದಿನ ಬೇರೆ ಟೀಚರ್ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರೆ ಓದುತ್ತಾಳಂತೆ. ನನಗೆ ತಲೆಬುಡ ತಿಳಿಯಲಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಏನಂತ ಕೇಳಲಿ? ತಲೆಯಾಡಿಸಿ ಬಂದೆ.

ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸುತ್ತಾಳೆ, ಕೇಳಿದ ಕತೆ ಒಂದು ಮಾತೂ ಬಿಡದೆ ಹೇಳುತ್ತಾಳೆ. ಅಂಥವಳಿಗೆ ಇದೇಕೆ ಬರುವುದಿಲ್ಲ? ಮಖಮಲ್ ಚೂರಿನಲ್ಲಿ ಮ, ವ ಕತ್ತರಿಸಿ ಕೊಟ್ಟೆ. ಬೆರಳಾಡಿಸಿ, ‘ಬಾಲ ಇದ್ದರೆ ಮ’ ಅಂದಳು. ಹಿಗ್ಗಿಹೋದೆ. ಬೆಳಿಗ್ಗೆ ನೋಡಿದರೆ ಮತ್ತೆ ವರನೇ! ‘ಎರಡು ಬಾರಿಸು, ತಾನೇ ಬರುತ್ತೆ’ ಅಂತ ನೀನು ಬರೆಸಿದ್ದೆಯಲ್ಲ, ಸ್ಕೇಲಿನಲ್ಲಿ ಅಂಗೈಗೆ ಹೊಡೆದೂಬಿಟ್ಟೆ ಅಣ್ಣಾ. ಅಳಲಿಲ್ಲ. ‘ಹೊಡೆದರೂ ಬಾಯಿಗೆ ವ ಅಂತಲೇ ಬರುತ್ತೆ ಅತ್ತೆ’ ಅಂದಳು. ಆಮೇಲೆ ನನ್ನ ಕೈ ಏಳಲಿಲ್ಲ.

ಪರೀಕ್ಷೆಯ ಅರ್ಜಿ ಇದರೊಳಗಿದೆ. ನೀನು ಸಹಿ ಹಾಕಿ ತಿಂಗಳೊಳಗೆ ಕಳಿಸದಿದ್ದರೆ ಇನ್ನು ಮುಂದಿನ ವರ್ಷವೇ. ‘ನನ್ನ ಮಗಳಿಗೇನಾಗಿದೆ’ ಅಂತ ಸಿಟ್ಟಾಗಬೇಡ. ನನಗೂ ಗೊತ್ತಿಲ್ಲ, ಗೊತ್ತಿರುವವರು ನೋಡಲಿ ಅಂತ ಅಷ್ಟೆ.

ಚೂಟಿ ನಿನಗೊಂದು ಮುತ್ತು ಕಳಿಸಿದ್ದಾಳೆ. ಜೋಪಾನ.

ನಿನ್ನ ತಂಗಿ

ಕವರು ಅಂಟಿಸುವ ಮೊದಲು ಇನ್ನೊಂದು. ಓದುವ ಗೆಳೆಯರೇ, ಇದನ್ನು ಅಣ್ಣನೊಬ್ಬನಿಗೇ ಕೇಳುವ ಹಾಗೆ ಮೆಲ್ಲಗೆ ಓದಿ. ‘ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ?’ ಅಂತ ಅರ್ಜಿಯಲ್ಲಿ ಒಂದು ಖಾನೆ ಇದೆ. ‘ತಂದೆಗೆ’ ಅಂತ ಬರೆದಿದ್ದೇನೆ. ಹೊಡೆದುಹಾಕಬೇಡ. ನಿನಗೆ ಅಕ್ಷರ ಹತ್ತದ್ದು ಸೋಮಾರಿತನ ಅಂತ ಅಪ್ಪ ಕೊನೆವರೆಗೂ ಹೇಳಿದರು, ನಾನೂ ನಂಬಿದ್ದೆ. ಹಾಗಾದರೆ ಅವರ ಕೈಲಿ ನೀನು ತಿಂದ ಏಟೆಲ್ಲ ಯಾತಕ್ಕೆ ಅಣ್ಣಾ?