ಬೋರಲು ಮಲಗಿದವಳಿಗೆ

ನನ್ನ ಮೆಣಸಿನಕಾಯಿಗೆ, ನಿನ್ನ ಸೋದರಮಾವ ತಲೆ ಸವರಿ ಬರೆಯುವುದೇನೆಂದರೆ,

ಎಚ್ಚರವಾದಾಗ ಈ ದಿನಗಳು ನಿನಗೆ ನೆನಪಿರುವುದಿಲ್ಲವಂತೆ. ನಿದ್ದೆಯ ಔಷಧಿಯಲ್ಲಿ ಮಲಗಿದವರಿಗೆ ಆ ಖಾಲಿ ಜಾಗದಲ್ಲಿ ಕೆಟ್ಟ ಕನಸುಗಳು ಬಂದು ಕೂರುತ್ತವಂತೆ. "ನಡೆದದ್ದನ್ನ ಬರೆದಿಡಿ, ಆಮೇಲೆ ಓದ್ಕೊಳ್ಲಿ" ಎಂದರು ನರ್ಸಮ್ಮ. ಓದಿದವರು ನಿಮ್ಮ ಮನೆಯಲ್ಲಿ ಬೇಕಾದಷ್ಟಿದ್ದಾರೆ. ಆದರೂ ಪೆನ್ನು ನಾನೇ ಕಿತ್ತುಕೊಂಡೆ. ಹಳ್ಳಿ ಶಾಲೆಯಲ್ಲಿ ನನ್ನಷ್ಟು ಚೆಂದದ ಅಕ್ಷರ ಮೇಷ್ಟ್ರದ್ದೂ ಇರಲಿಲ್ಲ.

ಪಿತ್ತಕೋಶದಿಂದ ಜಾರಿದ ಕಲ್ಲೊಂದು ದಾರಿಗೆ ಅಡ್ಡ ಕೂತು ನಿನ್ನ ಮೇದೋಜೀರಕ ಗ್ರಂಥಿ ಊದಿಕೊಂಡಿತು. ಹೊಟ್ಟೆ ಹಿಡಿದುಕೊಂಡು ಬಂದವಳಿಗೆ ಇಲ್ಲಿ ಉಸಿರೇ ಸಾಲದಾಯಿತು. ನಾನು ಡಾಕ್ಟರನ್ನು ಅಡ್ಡಗಟ್ಟಿದೆ. "ಹೊಟ್ಟೆನೋವಿಗೆ ಶ್ವಾಸಕೋಶ ಯಾಕೆ ಕೆಡ್ಬೇಕು ಸ್ವಾಮಿ? ನಾನು ಲಾರಿ ಮೆಕ್ಯಾನಿಕ್ಕು, ನನಗೆ ಕತೆ ಹೇಳ್ಬೇಡಿ." ಅವರು ನಕ್ಕರು. "ಅಡುಗೆಮನೇಲಿ ಬೆಂಕಿ ಬಿದ್ರೆ ಹೊಗೆ ಪಡಸಾಲೆಗೆ ಬರಲ್ವಾ ಯಜಮಾನ್ರೇ? ಆ ಉರಿ ರಕ್ತದಲ್ಲಿ ಹೋಗಿ ಶ್ವಾಸಕೋಶದಲ್ಲಿ ನೀರು ತುಂಬ್ಸಿದೆ." ನಾನು ಬಾಯಿ ಮುಚ್ಚಿದೆ. ನಿಮ್ಮಮ್ಮ ಈ ಸಾಲನ್ನು ನಂಬುವುದಿಲ್ಲ.

ಬಾಯಿಗೆ ನಳಿಗೆ ಹಾಕಿ ಯಂತ್ರದಿಂದ ಉಸಿರಾಡಿಸಿದರು. ಅದೂ ಸಾಲಲಿಲ್ಲ. ಮರುದಿನ ಗಾಜಿನಾಚೆಯಿಂದ ಇಣುಕಿದರೆ ನೀನು ಬೋರಲು ಬಿದ್ದಿದ್ದೀಯ! ಕಾವಲಿನವನನ್ನು ತಳ್ಳಿಕೊಂಡು ನುಗ್ಗಿದೆ. "ಉಸಿರು ಕಟ್ಟತ್ತೆ, ಮಗೂನ ತಿರುಗಿಸ್ರೀ!" ಎಂದು ಕೂಗುತ್ತ ನಿನ್ನ ಭುಜಕ್ಕೆ ಕೈ ಹಾಕಿಯೇಬಿಟ್ಟೆ. ನರ್ಸಮ್ಮ ಆ ಕೈ ಹಿಡಿದರು. "ಇಷ್ಟು ಜನ ಸೇರಿ ನಾವೇ ಹೀಗೆ ಮಲಗಿಸಿದೀವಿ. ಬೋರಲಿದ್ರೆ ಬೆನ್ನ ಕಡೆ ಶ್ವಾಸಕೋಶ ಬಿಚ್ಕೊಳತ್ತೆ. ನಳಿಗೆ ಜಾರಿದ್ರೆ ಏನ್ಮಾಡ್ತಿದ್ರಿ?" ಕೈ ಹಿಂದಕ್ಕೆಳೆದುಕೊಂಡೆ. ತೊಟ್ಟಿಲಲ್ಲಿ ನೀನು ಮಗುಚಿಕೊಂಡಾಗಲೆಲ್ಲ ಓಡಿ ಬಂದು ಅಂಗಾತ ಮಾಡಿದ ಕೈ ಕಣೇ ಅದು. ಅದಕ್ಕೆ ಬೇರೇನೂ ಗೊತ್ತಿರಲಿಲ್ಲ.

ಸಂಜೆ ಹೊತ್ತಿಗೆ ನಿನ್ನ ಆಮ್ಲಜನಕದ ಅಂಕಿ ಮೇಲೇರಿತು. ಇವತ್ತು ಅವರೇ ನಿನ್ನನ್ನು ಅಂಗಾತ ಮಾಡಿ, ನಿದ್ದೆಯ ಔಷಧಿ ಇಳಿಸುತ್ತಿದ್ದಾರೆ. ನಿನ್ನ ಸ್ವಂತ ಉಸಿರು ಸಾಲುತ್ತದೆ ಅನ್ನಿಸಿದರೆ ನಳಿಗೆ ತೆಗೆಯುತ್ತಾರೆ, ಇಲ್ಲದಿದ್ದರೆ ಮತ್ತೆ ಯಂತ್ರವೇ. ಒಬ್ಬರು ಹತ್ತಿರ ಕೂತು ಮಾತಾಡಿಸಬಹುದು ಎಂದಾಗ ಎಲ್ಲರೂ ನನ್ನ ಮುಖ ನೋಡಿದರು, ಊರಿಗೆಲ್ಲ ಹರಟೆ ಹಂಚುವವನಲ್ಲವೇ. ಇಲ್ಲಿ ಬಂದು ಕೂತವನು ಮಾತು ಬಿಟ್ಟು ಈ ಕಾಗದ ಬರೆಯುತ್ತಿದ್ದೇನೆ.

ಕಣ್ಣು ಬಿಟ್ಟಾಗ ಮಾತು ಹೊರಡದಿದ್ದರೆ ಹೆದರಬೇಡ, ಅದು ನಳಿಗೆಯ ಕಾಟ. ಅದರ ಜೊತೆ ಗುದ್ದಾಡಬೇಡ. ಹುಟ್ಟಿದಾಗಿನಿಂದ ಮೊದಲ ಸಲ ನನಗೆ ಎದುರುತ್ತರ ಕೊಡದೆ ಮಲಗಿದ್ದೀಯ. ಗೆದ್ದೆ ಎಂದು ನಾನು ಊರೆಲ್ಲ ಸಾರಬೇಕಿತ್ತು. ನನಗೆ ಬೇಡ ಈ ಗೆಲುವು. ಎದ್ದು ಬಾಯ್ತುಂಬ ಬೈಯಿ.

ನಿನ್ನ ರೆಪ್ಪೆ ಅಲುಗಿತು. ಪೆನ್ನು ಕೆಳಗಿಡುತ್ತೇನೆ, ಕೈ ಹಿಡಿದುಕೊಳ್ಳಬೇಕು.

ಇನ್ನು ಮುಂದಿನ ಒಂದೊಂದು ಉಸಿರೂ ನಿನ್ನದೇ ಆಗಿರಲಿ, ತಾಯಿ.

ನಿನ್ನ ಮಾವ