ದೊಡ್ಡ ಅಲೆಗೆ ಹೋದ ತಂಗಿಗೆ

ಜಹೀರಾಬಾದ್
12 ಜನವರಿ 2025

ಪ್ರೀತಿಯ ತಂಗಿ ಮನೀಷಾ,

ಹೇಗಿದ್ದೀ? ಭುಜದ ನೋವು ಇಳಿದಿದೆಯೇ? ಆ ಚಳಿಯಲ್ಲಿ ಬಿಸಿಯಾಗಿ ಏನಾದರೂ ತಿನ್ನುತ್ತೀಯೋ, ಬ್ರೆಡ್ಡಿನ ಮೇಲೇ ದಿನ ನೂಕುತ್ತೀಯೋ? ನೀನು ಫೋನ್ ಎತ್ತುತ್ತಿಲ್ಲ. ನಿಮ್ಮ ತಂಡದ ಅಮರ್ ತಾಂಡೂರಿನ ತನ್ನ ಮನೆಗೆ ಬಂದವನು ಮತ್ತೆ ಪೋರ್ಚುಗಲ್ಲಿಗೆ ಹೊರಟಿದ್ದಾನೆ. ಇಲ್ಲಿಯ ಬಸ್ ಸ್ಟ್ಯಾಂಡಿಗೆ ಬಂದು ಹೋಗೆಂದು ಬೇಡಿಕೊಂಡಿದ್ದೇನೆ. ಇದನ್ನು ಅವನ ಕೈಗೇ ಕೊಡುತ್ತೇನೆ.

ನೀನು ಬಿದ್ದ ವಿಡಿಯೊ ನೋಡಿದೆವು. ಸಕ್ಕರೆ ಕಾರ್ಖಾನೆಯ ಚಿಮಣಿಯಷ್ಟು ಎತ್ತರದ ಅಲೆ, ಅದರ ಮೇಲೆ ಎಳ್ಳಿನಷ್ಟು ನೀನು. ಬಿದ್ದೆ, ಇನ್ನೊಂದು ಅಲೆ ಮುಚ್ಚಿತು, ಕಾಪಾಡಲು ಬಂದವನು ನಿನ್ನನ್ನು ಕಾಣದೆ ಸುತ್ತುತ್ತಿದ್ದ. ಅಮ್ಮ ಅಷ್ಟಕ್ಕೇ ಎದ್ದು ಹೋದಳು. ನಿನ್ನನ್ನು ಎತ್ತಿದ್ದನ್ನು ಅವಳು ನೋಡಲೇ ಇಲ್ಲ. ನಮ್ಮೂರು ಕಂಗ್ಟಿಯ ಬಾವಿಯಲ್ಲಿ ಅಪ್ಪನಿಂದ ಈಜು ಕಲಿತು, ವಿಶಾಖಪಟ್ಟಣಕ್ಕೆ ಓದಲು ಹೋದವಳು ಸರ್ಫಿಂಗ್ ಹಲಗೆ ಹಿಡಿದು ಸಮುದ್ರಕ್ಕಿಳಿದೆ. ಸ್ಪರ್ಧೆಯಲ್ಲಿ ದೇಶಕ್ಕೇ ಮೊದಲು ಬಂದಾಗ ಊರವರು ನಿನ್ನ ಬ್ಯಾನರ್ ಕಟ್ಟಿದರು. ಅಷ್ಟು ಹೆಸರಾದ ಮೇಲೂ ಹೋದ ವರ್ಷ, “ಸಣ್ಣ ಅಲಿ ಸಾಕಾದ್ವು ಅಕ್ಕಾ, ದೊಡ್ಡವು ಕರೀಲತ್ತಾವ” ಅಂದೆ. ನಾನೂ ನಕ್ಕು ಕಳಿಸಿಕೊಟ್ಟೆ.

ಇನ್ನು ಅಪ್ಪನ ವಿಷಯ. ವಿಡಿಯೊ ನೋಡಿದ ಮರುದಿನದಿಂದ ಅವನು ಅದೇ ಬಾವಿಗಿಳಿದು, ಉಸಿರು ಕಟ್ಟಿ ತಳದಲ್ಲಿ ಕೂರುತ್ತಿದ್ದಾನೆ. ಯಾಕೆಂದು ಕೇಳಿದರೆ, “ಅಕಿಗಿ ಹ್ಯಾಂಗ ಆಗಿರ್ಬೇಕು, ನನಗ ತಿಳೀಬೇಕಲ್ಲ” ಎನ್ನುತ್ತಾನೆ. ಮೊನ್ನೆ ಮೇಲೆ ಬರಲೇ ಇಲ್ಲ. ನಿನ್ನ ಭಾವ ನರೇಶ ಹಾರಿ ಎಳೆದು ತಂದರು. ತುಟಿ ನೀಲಿಯಾಗಿತ್ತು. ಈಗ ಅಮ್ಮ ಬಾವಿಯ ಮೆಟ್ಟಿಲ ಮೇಲೆ ಕಾವಲು ಕೂತಿದ್ದಾಳೆ, ಅಡುಗೆಯನ್ನೂ ಬಿಟ್ಟಿದ್ದಾಳೆ.

ನಿನ್ನನ್ನು ನಾನು ತಡೆಯುವುದಿಲ್ಲ, ತಂಗಿ. ಆ ಅಲೆಗಳಿಗಾಗಿ ನೀನು ಎಷ್ಟು ಬಡಿದಾಡಿದ್ದೀ ಎಂದು ಬಲ್ಲೆ. ಒಮ್ಮೆ ಅಪ್ಪನ ಜೊತೆ ಮಾತಾಡು, ಅಷ್ಟೇ. ಅವನು ನಮ್ಮ ಯಾರ ಮಾತನ್ನೂ ಕೇಳುತ್ತಿಲ್ಲ.

ಮನೆಯವರೆಲ್ಲರ ಜೈಭೀಮ್. ಅಮ್ಮ ನಿನ್ನ ತಲೆ ನೇವರಿಸಿದ್ದಾಳೆಂದು ತಿಳಿ.

ನಿನ್ನ ಅಕ್ಕ,
ಶಿಲ್ಪಾರಾಣಿ

ಮತ್ತೆ ಸೇರಿಸಿದ್ದು: ಬಸ್ ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ. ಅಮರ್ ಈಗ ಹೇಳಿದ. ಬಿದ್ದಾಗ ತಲೆಗೆ ಪೆಟ್ಟಾಗಿದೆಯಂತೆ, ನಿನಗೆ ಆಗಾಗ ಕಣ್ಣು ಕತ್ತಲಿಡುತ್ತದಂತೆ, ಮಾತು ತೊದಲುವುದು ನಮಗೆ ಗೊತ್ತಾಗಬಾರದೆಂದು ಫೋನ್ ಎತ್ತುವುದಿಲ್ಲವಂತೆ. ಡಾಕ್ಟರ್ ಬೇಡವೆಂದರೂ ಮುಂದಿನ ವಾರ ಮತ್ತೆ ಇಳಿಯುತ್ತೀಯಂತೆ. ತಡೆಯುವುದಿಲ್ಲ ಎಂದು ಬರೆದದ್ದು ಇದು ತಿಳಿಯುವ ಮುಂಚೆ. ಇಳೀಬ್ಯಾಡ ಮನೀಷಾ. ತೊದಲಿದರ ತೊದಲು, ಫೋನ್ ಮಾಡು.